ಹಬೆಗೆ ಸಂದ ಬಿರುದು

ಸ್ಯಾಮ್ಯುಯೆಲ್ ಸ್ಮೈಲ್ಸ್ 1884ರಲ್ಲಿ ಹೊರತಂದ ‘ಮೆನ್ ಆಫ್ ಇನ್ವೆನ್ಷನ್ ಅಂಡ್ ಇಂಡಸ್ಟ್ರಿ’ಯಲ್ಲಿ ಫ್ರೆಡ್ರಿಕ್ ಕೋನಿಗ್ ಮೇಲೊಂದು ಅಧ್ಯಾಯವಿದೆ. ಮುದ್ರಣದ ಚರಿತ್ರೆ ಬರೆಯುವವರು ಇನ್ನೂ ಅದರ ನೆರಳು ಬಿಟ್ಟು ಹೊರಬಂದಿಲ್ಲ. ಎಲ್ಲರ ಕಥೆಯೂ ಒಂದೇ ರಾತ್ರಿಯದು: ಕೈಪ್ರೆಸ್ಸಿನ ಆಳುಗಳಿಗೆ ಸುಳಿವು ಕೊಡದೆ ಲಂಡನ್ನಿನ ‘ಟೈಮ್ಸ್’ನ 1814ರ ನವೆಂಬರ್ 29ರ ಸಂಚಿಕೆಯನ್ನು ಕೋನಿಗ್‌ನ ಹಬೆಯಂತ್ರದಲ್ಲಿ ಅಚ್ಚುಹಾಕಿದ್ದು, ಗಂಟೆಗೆ 1,100 ಹಾಳೆ. ಕಥೆ ಸುಳ್ಳಲ್ಲ. ಆದರೆ ಆ 1,100 ಹಾಳೆಯ ಒಂದು ಮಗ್ಗುಲಿನ ಲೆಕ್ಕ; ಇನ್ನೊಂದು ಮಗ್ಗುಲಿಗೆ ಮತ್ತೆ ಹಾಕಬೇಕು. ಇದನ್ನು ಯಾರೂ ಒತ್ತಿ ಹೇಳುವುದಿಲ್ಲ.

ನನ್ನ ತಕರಾರು ಸ್ಮೈಲ್ಸ್ ಕೊಟ್ಟ ಬಿರುದಿನ ಮೇಲೆ: ‘ಹಬೆ ಮುದ್ರಣಯಂತ್ರದ ಶೋಧಕ’. ಕೈಪ್ರೆಸ್ಸಿನಲ್ಲಿ ಒಬ್ಬ ತೊಗಲಿನ ಉಂಡೆಯಿಂದ ಮೊಳೆಗಳಿಗೆ ಮಸಿ ಬಡಿಯುತ್ತಿದ್ದ, ಇನ್ನೊಬ್ಬ ಹಿಡಿ ಎಳೆಯುತ್ತಿದ್ದ. ಮೇಲಿನ ಹಲಗೆ ಇಡೀ ಫಾರಂ ಅನ್ನು, ಅಂದರೆ ಜೋಡಿಸಿಟ್ಟ ಮೊಳೆಗಳ ಚೌಕಟ್ಟನ್ನು, ಒಂದೇ ಏಟಿಗೆ ಒತ್ತಬೇಕು. ಕೋನಿಗ್ ಮೊದಲು ಹಬೆ ಜೋಡಿಸಿದ್ದು ಇಂಥ ಹಲಗೆಗೇ. 1811ರ ಏಪ್ರಿಲ್‌ನಲ್ಲಿ ‘ಆನ್ಯುಯಲ್ ರಿಜಿಸ್ಟರ್’ನ ಒಂದು ಫಾರಂ ಅದರಲ್ಲಿ ಅಚ್ಚಾಯಿತು. ಗುಟ್ಟು ಹಬೆಯಲ್ಲೇ ಇದ್ದಿದ್ದರೆ ಅವನು ಅಷ್ಟಕ್ಕೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಹಲಗೆಯನ್ನೇ ಕಿತ್ತುಹಾಕಿ ಸಿಲಿಂಡರ್ ತಂದ. ಸಿಲಿಂಡರ್ ಒಂದು ಹೊತ್ತಿಗೆ ಒತ್ತುವುದು ಸಣ್ಣದೊಂದು ಪಟ್ಟಿಯನ್ನು ಮಾತ್ರ. ಅದರ ಕೆಳಗೆ ಫಾರಂ ಹಿಂದೆ ಮುಂದೆ ಓಡುತ್ತದೆ, ಓಡುತ್ತಲೇ ರೋಲರ್‌ಗಳಿಂದ ಮಸಿ ಬಳಿಸಿಕೊಳ್ಳುತ್ತದೆ. ಹಾಳೆ ಕೊಡಲು, ತೆಗೆಯಲು ಮಾತ್ರ ಆಳು ಬೇಕು. ಮುಂದೆ ಎಷ್ಟೋ ಅಚ್ಚುಕೂಟಗಳಲ್ಲಿ ಸಿಲಿಂಡರ್ ಯಂತ್ರಗಳನ್ನು ಆಳುಗಳೇ ಚಕ್ರ ತಿರುಗಿಸಿ ಓಡಿಸಿದರು. ಹಬೆಯಿಲ್ಲದೆಯೂ ಅವು ಯಂತ್ರಗಳೇ.

‘ಟೈಮ್ಸ್’ ಮಾಲೀಕ ಜಾನ್ ವಾಲ್ಟರ್‌ನ ಧೈರ್ಯವನ್ನು ಕೊಂಡಾಡುವವರಿಗೂ ಒಂದು ಮಾತು. ಅವನು ಗಿರಾಕಿ, ಒಳ್ಳೆಯ ಗಿರಾಕಿ, ಅಷ್ಟೆ. ಸ್ಮೈಲ್ಸ್ ವಾಲ್ಟರ್ ಮನೆತನಕ್ಕೇ ಬೇರೆ ಅಧ್ಯಾಯ ಮೀಸಲಿಟ್ಟದ್ದು ಅತಿಯಾಯಿತು. ಇನ್ನು ಕೋನಿಗ್‌ನ ಪಾಲುದಾರ ಬೆನ್ಸ್ಲಿಯನ್ನು ಖಳನನ್ನಾಗಿ ಮಾಡುವ ವಿಮರ್ಶಕರು ವ್ಯಾಪಾರವನ್ನೇ ಅರಿಯದವರು. ಅವನು ಅಚ್ಚುಕೂಟದ ಧಣಿ. ಯಂತ್ರ ಊರಿಗೆಲ್ಲ ಮಾರಾಟವಾದರೆ ಅವನಿಗೇನು ಲಾಭ? ಯಂತ್ರ ಮಾರಿ ಬದುಕಬೇಕಾದವನಿಗೂ ಅದನ್ನು ತಾನೊಬ್ಬನೇ ಇಟ್ಟುಕೊಳ್ಳಬಯಸುವವನಿಗೂ ಜಗಳ ಆಗಲೇಬೇಕಿತ್ತು.

ಓದಬೇಕಾದ ಕಥೆ ಅಲ್ಲಿಂದಾಚೆಗಿನದು. 1817ರ ಆಗಸ್ಟ್ 9ರಂದು ಕೋನಿಗ್ ಮತ್ತು ಅವನ ಜೊತೆಗಾರ ಆಂಡ್ರಿಯಾಸ್ ಬಾವರ್ ಕರಾರು ಮಾಡಿಕೊಂಡು, ಲಂಡನ್ ಬಿಟ್ಟು, ಜರ್ಮನಿಯ ವುರ್ಟ್ಸ್‌ಬರ್ಗ್ ಹತ್ತಿರದ ಓಬರ್‌ಜೆಲ್‌ನಲ್ಲಿ ಪಾಳುಬಿದ್ದ ಮಠವೊಂದರಲ್ಲಿ ಕಾರ್ಖಾನೆ ಹೂಡಿದರು. ನುರಿತ ಕಮ್ಮಾರರು ಸಿಗದೆ ದ್ರಾಕ್ಷಿ ತೋಟದ ರೈತರಿಗೇ ಕೆಲಸ ಕಲಿಸಿದರು. 1830ರ ಜುಲೈ ಕ್ರಾಂತಿಯಲ್ಲಿ ಪ್ಯಾರಿಸ್ಸಿನ ಮುದ್ರಣ ಕಾರ್ಮಿಕರು ಯಂತ್ರಗಳನ್ನು ಒಡೆದರು, ಆರ್ಡರುಗಳು ಬತ್ತಿದವು. 1833ರಲ್ಲಿ ಕೋನಿಗ್ ಸತ್ತ. ಹೆಂಡತಿ ಫ್ಯಾನಿ ಮತ್ತು ಬಾವರ್ ಬಾಗಿಲು ಹಾಕಲಿಲ್ಲ. ಶೋಧಕನಿಲ್ಲದೆಯೂ ಯಂತ್ರಗಳು ಹೊರಬರುವಂತೆ ಮಾಡಿದ ಈ ಇಬ್ಬರಿಗೆ ಬಿರುದು ಕೊಟ್ಟವರಿಲ್ಲ.

ಸ್ಮೈಲ್ಸ್‌ನ ಅಧ್ಯಾಯ ಸಿಕ್ಕರೆ ಲಂಡನ್ನಿನ ಪುಟಗಳನ್ನು ಬೇಗ ದಾಟಿ, ಓಬರ್‌ಜೆಲ್‌ನ ಪುಟಗಳನ್ನು ನಿಧಾನವಾಗಿ ಓದಿ. ಕೋನಿಗ್ ಅಂಡ್ ಬಾವರ್ ಕಂಪನಿ ವುರ್ಟ್ಸ್‌ಬರ್ಗ್‌ನಲ್ಲಿ ಇವತ್ತಿಗೂ ಮುದ್ರಣಯಂತ್ರ ತಯಾರಿಸುತ್ತಿದೆ.