ಬೋರ್ಡು ಬದಲಾಯಿಸಿದವನ ತಕರಾರು

ಹರಿಹರದಲ್ಲಿ ನಮ್ಮ ಸೋದರಮಾವನದ್ದೊಂದು ಲೇತ್ ವರ್ಕ್‌ಶಾಪ್ ಇದೆ. ಟ್ರ್ಯಾಕ್ಟರ್ ರೋಟರಿಯ ಶಾಫ್ಟು, ಪಂಪಿನ ಬುಷ್ಷು, ರೈಸ್ ಮಿಲ್ಲಿನ ಸಣ್ಣಪುಟ್ಟ ಪಾರ್ಟು, ಹೀಗೆ ಜಾಬ್ ವರ್ಕ್. ಮೂರು ವರ್ಷದ ಹಿಂದೆ, ಬೆಂಗಳೂರಿನ ಏಜೆನ್ಸಿಯಲ್ಲಿ ಬ್ರ್ಯಾಂಡಿಂಗ್ ಕೆಲಸ ಹಿಡಿದ ಹುಮ್ಮಸ್ಸಿನಲ್ಲಿ, ನಾನು ಅದಕ್ಕೊಂದು ‘ಐಡೆಂಟಿಟಿ’ ಮಾಡಿಕೊಟ್ಟೆ. ಹಳದಿ ತಗಡಿನ ಮೇಲೆ ಪೇಂಟರ್ ಕೆಂಪಗೆ ಬರೆದಿದ್ದ ದೇವರ ಹೆಸರು ಹೋಯ್ತು. ಬೂದು ಬಣ್ಣದ ಬೋರ್ಡಿನ ಮೇಲೆ ಮೂರು ಇಂಗ್ಲಿಷ್ ಅಕ್ಷರ ಬಂದವು. ಬಿಲ್ ಬುಕ್ಕು, ವಿಸಿಟಿಂಗ್ ಕಾರ್ಡು, ವಾಟ್ಸಾಪ್ ಡಿಪಿ ಎಲ್ಲದಕ್ಕೂ ಅದೇ ಬೂದು, ಅದೇ ಫಾಂಟು. ಕನ್ಸಿಸ್ಟೆನ್ಸಿಗೆ ನೂರಕ್ಕೆ ನೂರು.

ಮುಂದಿನ ಸುಗ್ಗಿಯಲ್ಲಿ ಮಾವ ಫೋನ್ ಮಾಡಿದ. ‘ಏನಪ್ಪಾ, ಬಂದೋರೆಲ್ಲ ಅಂಗಡಿ ಮಾರಿದ್ರೇನ್ರಿ ಅಂತ ಕೇಳ್ತಾರೆ. ಕೆಲವ್ರು ಕೇಳೋದೂ ಇಲ್ಲ, ಹಂಗೇ ಮುಂದಿನ ಅಂಗಡಿಗೆ ಹೋಗ್ತಾರೆ.’ ಭತ್ತದ ಸುಗ್ಗಿ ಅಂದ್ರೆ ಅವನ ವರ್ಷದ ದುಡಿಮೆ. ಹಳದಿ ಬೋರ್ಡಿನ ಗುರುತು ಹಿಡಿದು ಬರ್ತಿದ್ದ ಸುತ್ತಲಿನ ಹಳ್ಳಿಯ ರೈತರಿಗೆ ನನ್ನ ಬೂದು ಬೋರ್ಡು ಯಾರೋ ಹೊಸಬರ ಅಂಗಡಿ ಅನ್ನಿಸಿತ್ತು.

ನಮ್ಮ ಧಂಧೆಯಲ್ಲಿ ಎಲ್ಲ ಪ್ರೆಸೆಂಟೇಶನ್ನಿನ ಎರಡನೇ ಸ್ಲೈಡೂ ಒಂದೇ: ಬಣ್ಣ ಒಂದಿರಲಿ, ಲೋಗೊ ಒಂದಿರಲಿ, ಮಾತಿನ ಧಾಟಿ ಒಂದಿರಲಿ, ಗಿರಾಕಿ ನಿಮ್ಮನ್ನ ನಂಬ್ತಾನೆ. ಮಾತು ಸುಳ್ಳಲ್ಲ. ಆದ್ರೆ ಆ ಸ್ಲೈಡು ತೋರಿಸಿದ ಮೇಲೆ ನಾವು ಮಾಡೋ ಮೊದಲ ಕೆಲಸ ಏನು? ಇರೋದನ್ನ ಕಿತ್ತು ಹಾಕೋದು. ಇಪ್ಪತ್ತು ವರ್ಷ ಬದಲಾಗದೇ ಇದ್ದ ಒಂದೇ ಒಂದು ವಸ್ತುವನ್ನ ಕನ್ಸಿಸ್ಟೆನ್ಸಿ ಹೆಸರಲ್ಲೇ ಬದಲಾಯಿಸಿ ಇನ್‌ವಾಯ್ಸ್ ಕಳಿಸ್ತೀವಿ. (ಮಾವನಿಗೆ ಇನ್‌ವಾಯ್ಸ್ ಕಳಿಸಲಿಲ್ಲ, ಅಷ್ಟು ಬುದ್ಧಿ ಇತ್ತು.)

ಅಲ್ಲಿಂದ ಸುಮಾರು 15 ಕಿಲೋಮೀಟರ್ ದೂರದ ದಾವಣಗೆರೆಯನ್ನೇ ನೋಡಿ. ಆ ಊರಿಗೆ ಬ್ರ್ಯಾಂಡ್ ಮ್ಯಾನೇಜರ್ ಅಂತ ಯಾರಾದರೂ ಇದ್ದಿದ್ದರೆ ರಾಜೀನಾಮೆ ಕೊಟ್ಟು ಓಡಿಹೋಗ್ತಿದ್ದರು. ಇಂಗ್ಲಿಷಿನಲ್ಲಿ ಊರಿನ ಹೆಸರೇ ಎರಡು ಥರ. 2009ರ ವಿಶ್ವವಿದ್ಯಾನಿಲಯದ್ದು ‘ದಾವಂಗೆರೆ’, 2016ರ ಮೊದಲ ಇಪ್ಪತ್ತರ ಪಟ್ಟಿಯಲ್ಲಿ ಬಂದ ಸ್ಮಾರ್ಟ್ ಸಿಟಿಯದ್ದು ‘ದಾವಣಗೆರೆ’. ನಡುವೆ ಒಂದು ಅಕ್ಷರದ ಜಗಳ. ಬಿರುದುಗಳೂ ಹಾಗೇ. ಹತ್ತಿ ಗಿರಣಿಗಳ ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್. ಗಿರಣಿಗಳು ಒಂದೊಂದಾಗಿ ನಿಂತ ಮೇಲೆ, ಬಾಪೂಜಿ ವಿದ್ಯಾಸಂಸ್ಥೆಯ ಕಾಲೇಜುಗಳ ದೆಸೆಯಿಂದ ವಿದ್ಯಾಕಾಶಿ. ಪತ್ರಿಕೆಯವರಿಗೆ ಬೆಣ್ಣೆ ನಗರಿ, ದೇವನಗರಿ. ಆಮೇಲೆ ಸ್ಮಾರ್ಟ್.

ಇಷ್ಟೆಲ್ಲ ಗೊಂದಲದ ನಡುವೆ ಆ ಊರಿಗೆ ರಾಜ್ಯದಲ್ಲೆಲ್ಲ ಒಂದೇ ಗುರುತು, ಬೆಣ್ಣೆ ದೋಸೆ. ಅದಕ್ಕೆ ಲೋಗೊ ಇಲ್ಲ. ಅಲ್ಲಿನ ಹೋಟೆಲುಗಳ ಬೋರ್ಡುಗಳಲ್ಲಿ ಎರಡು ಕೂಡ ಒಂದೇ ಥರ ಇರಲ್ಲ, ಹಲವಕ್ಕೆ ಮಾಲೀಕರ ಹೆಸರೇ ಹೆಸರು. ಬೆಳಗಾವಿ ಕಡೆಯಿಂದ ಚನ್ನಮ್ಮ ಎಂಬ ಹೆಣ್ಣುಮಗಳು 1928ರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದು, ನಾಟಕದ ಥಿಯೇಟರಿನ ಎದುರು ದೋಸೆ ಹಾಕಲು ಶುರು ಮಾಡಿದರು ಅನ್ನೋದು ಎಲ್ಲರೂ ಹೇಳೋ ಕಥೆ. ಆಗ ರಾಗಿ ದೋಸೆಯಂತೆ, ಅಕ್ಕಿ ಬಂದದ್ದು ಆಮೇಲಂತೆ. ಅಂದ್ರೆ ಈ ‘ಪರಂಪರೆ’ಯೂ ಒಮ್ಮೆ ರೆಸಿಪಿ ಬದಲಾಯಿಸಿದೆ. ಆದರೆ ಒಂದು ಹದಕ್ಕೆ ಬಂದ ಮೇಲೆ ಅದನ್ನ ಗಟ್ಟಿಯಾಗಿ ಹಿಡಿದುಕೊಂಡರು. ಹಿಟ್ಟಿಗೆ ಮಂಡಕ್ಕಿ, ಕಟ್ಟಿಗೆ ಒಲೆ, ಕೈಬಿಚ್ಚಿ ಬೆಣ್ಣೆ, ಖಾರ ಕಮ್ಮಿ ಇರೋ ಆಲೂಗಡ್ಡೆ ಪಲ್ಯ, ತೆಳು ಕಾಯಿಚಟ್ನಿ. ಸಾಂಬಾರ್ ಕೇಳಿದರೆ ಹುಡುಗ ನಿಮ್ಮ ಮುಖ ನೋಡ್ತಾನೆ, ಅಷ್ಟೇ. ಬೆಣ್ಣೆ, ಖಾಲಿ, ಓಪನ್ ಅಂದ್ರೆ ಮೆನು ಬಹುಪಾಲು ಮುಗೀತು. ಗೋಡೆಯ ಬಣ್ಣ ಯಾವುದಿತ್ತು ಅಂತ ತಿಂದು ಬಂದವರನ್ನ ಕೇಳಿ ನೋಡಿ. ಚಟ್ನಿ ಹೇಗಿತ್ತು ಅಂತ ಕೇಳಿ.

ಹಾಗಂತ ದಾವಣಗೆರೆಯದ್ದೇ ಸರಿ, ಬ್ರ್ಯಾಂಡಿಂಗ್ ಅಂದ್ರೆ ಬರೀ ಬೂಟಾಟಿಕೆ ಅಂತ ನಾನು ಹೇಳಲ್ಲ. ಬೆಂಗಳೂರಿನಲ್ಲಿ ಗಲ್ಲಿಗೊಂದು ‘ದಾವಣಗೆರೆ ಬೆಣ್ಣೆ ದೋಸೆ’ ಇದೆ. ಕೆಲವು ಕಡೆ ಚೆನ್ನಾಗೇ ಮಾಡ್ತಾರೆ. ಇನ್ನು ಕೆಲವು ಕಡೆ ಗ್ಯಾಸ್ ಒಲೆ, ಎಣ್ಣೆ ಮೇಲೊಂದು ಚೂರು ಬೆಣ್ಣೆ, ಪಕ್ಕಕ್ಕೆ ಸಾಂಬಾರು, ಕೆಂಪು ಚಟ್ನಿ. ಅಲ್ಲಿ ತಿಂದವನು ‘ಓ, ದಾವಣಗೆರೆ ದೋಸೆ ಅಂದ್ರೆ ಇಷ್ಟೇನಾ’ ಅಂದುಕೊಂಡು ಎದ್ದು ಹೋಗ್ತಾನೆ. ಯಾರನ್ನ ಕೇಳಬೇಕು? ಹೆಸರು ಎಲ್ಲರದ್ದು, ಹಾಗಾಗಿ ಹೊಣೆ ಯಾರದ್ದೂ ಅಲ್ಲ. ಮೈಸೂರು ಸ್ಯಾಂಡಲ್ ಸೋಪಿಗೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಆ ಮೊಟ್ಟೆಯಾಕಾರ, ಆ ಶರಭ, ಆ ವಾಸನೆ ಕಾಯೋಕೆ ಒಂದು ಸರ್ಕಾರಿ ಕಾರ್ಖಾನೆ ಇದೆ. 2025ರಲ್ಲಿ ತಮನ್ನಾ ಅವರನ್ನ ರಾಯಭಾರಿ ಮಾಡಿದಾಗ ಎದ್ದ ಗಲಾಟೆ ನೆನಪಿರಬಹುದು. ಗಲಾಟೆ ಸರಿಯೋ ತಪ್ಪೋ, ಆದ್ರೆ ಉತ್ತರ ಕೊಡಲು ಮಂತ್ರಿಯಾದರೂ ಇದ್ದರು. ದೋಸೆಗೆ ಯಾರಿದ್ದಾರೆ?

ಇನ್ನು ಹರಿಹರದ್ದು ಬೇರೆಯೇ ಕಥೆ, ನನ್ನನ್ನ ಹೆಚ್ಚು ಕಾಡೋದೂ ಅದೇ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಆಮೇಲೆ ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ. (ದೋಸೆಯೂ ಲೇತೂ ಎರಡೂ ಬೆಳಗಾವಿಯಿಂದಲೇ ಬಂದವು ನೋಡಿ.) 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಅಲ್ಲಿನ ಲೇತುಗಳು ದೇಶದ ವರ್ಕ್‌ಶಾಪುಗಳಿಗೆಲ್ಲ ಹೋದವು. ಮಾವ ಅಲ್ಲೇ ಟರ್ನರ್ ಆಗಿದ್ದವನು. ಸುಮಾರು 2000ದ ಹೊತ್ತಿಗೆ ಕಾರ್ಖಾನೆ ಬಾಗಿಲು ಹಾಕಿತು, ಅವನು ಈ ವರ್ಕ್‌ಶಾಪ್ ತೆರೆದ.

ಇತ್ತ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ಆದ ಮೇಲೆ, ಅತ್ತ ಪುಣೆಯಲ್ಲಿ 2021ರಲ್ಲಿ ಕಿರ್ಲೋಸ್ಕರ್ ಕುಟುಂಬದ ಒಂದು ಕವಲು ತನ್ನ ಐದು ಕಂಪನಿಗಳಿಗೆ ಹೊಸ ಬಣ್ಣ, ಹೊಸ ಲೋಗೊ ಬಿಡುಗಡೆ ಮಾಡಿತು. ಇದು ನಮ್ಮ ಪರಂಪರೆಯನ್ನೇ ಕಸಿಯೋ ಪ್ರಯತ್ನ ಅಂತ ಇನ್ನೊಂದು ಕವಲಿನ ಕಿರ್ಲೋಸ್ಕರ್ ಬ್ರದರ್ಸ್ ಆಕ್ಷೇಪ ಎತ್ತಿತು. ಆ ಸುದ್ದಿಯನ್ನ ನಾನು ಮಾವನಿಗೆ ಬಹಳ ಉತ್ಸಾಹದಿಂದ ವಿವರಿಸಿದ್ದೆ. ಅವನು ಕೇಳಿದ್ದು ಒಂದೇ: ‘ಲೇತ್ ಮಾಡ್ತಾರಂತಾ?’

ಅವನ ಶೆಡ್ಡಿನಲ್ಲಿ ಹರಿಹರದ್ದೇ ಒಂದು ಹಳೇ ಲೇತ್ ಇದೆ. ಮೈಮೇಲಿನ ಬಣ್ಣ ಎಷ್ಟು ಸಲ ಬದಲಾಗಿದೆಯೋ, ಹೆಸರಿನ ಪಟ್ಟಿ ಸವೆದು ಅರ್ಧ ಉಳಿದಿದೆ. ಅದನ್ನ ಕೊಡ್ತೀಯಾ ಅಂತ ಕೊಳ್ಳೋರು ಈಗಲೂ ಬರ್ತಾರೆ. ಅವರು ಪಟ್ಟಿ ಓದಲ್ಲ. ಬೆಡ್ಡಿನ ಮೇಲೆ ಕೈ ಆಡಿಸ್ತಾರೆ, ಸ್ಪಿಂಡಲ್ ತಿರುಗಿಸಿ ಕಿವಿಗೊಡ್ತಾರೆ. ನನ್ನ ಗೈಡ್‌ಲೈನ್ ಪಿಡಿಎಫ್‌ನ ನಲವತ್ತು ಪುಟದಲ್ಲಿ ಆ ಸದ್ದಿಗೆ ಜಾಗ ಇರಲಿಲ್ಲ. ಮಾವನ ಕೈಯಿಂದ ಹೋದ ಬುಷ್ಷು ಎಷ್ಟು ಸುಗ್ಗಿ ಬಾಳುತ್ತೆ ಅಂತ ನಾನು ಅವನ ಒಬ್ಬ ಗಿರಾಕಿಯನ್ನೂ ಕೇಳಿರಲಿಲ್ಲ. ಕೇಳಿದ್ದರೆ ಹಳದಿ ಬೋರ್ಡನ್ನ ಮುಟ್ಟೋ ಧೈರ್ಯ ಬರ್ತಿರಲಿಲ್ಲ ಅನ್ಸುತ್ತೆ. ಅದರ ಮೇಲಿನ ಫೋನ್ ನಂಬರ್ ಮಾಸಿತ್ತು. ಅದನ್ನಷ್ಟೇ ತಿದ್ದಿ ಬರೆಸಿದ್ದರೆ ಸಾಕಿತ್ತು.

ಈ ಯುಗಾದಿಗೆ ಹೋದಾಗ ನೋಡಿದೆ. ಹಳೇ ಹಳದಿ ತಗಡನ್ನ ಮಾವ ಗುಜರಿಗೆ ಹಾಕಿರಲೇ ಇಲ್ಲ. ನನ್ನ ಬೂದು ಬೋರ್ಡಿನ ಮೇಲೆಯೇ ನಾಲ್ಕು ಸ್ಕ್ರೂ ಹೊಡೆದು ಕೂರಿಸಿದ್ದಾನೆ. ಅಂಚಿನಲ್ಲಿ ನನ್ನ ಒಂದೂವರೆ ಅಕ್ಷರ ಇಣುಕ್ತಿದೆ. ನಾನು ಅದನ್ನೇ ನೋಡ್ತಾ ನಿಂತಿದ್ದು ಕಂಡು ಅವನಿಗೇ ಪಾಪ ಅನ್ನಿಸ್ತೇನೋ.

‘ಬಿಲ್ ಬುಕ್ ನಿಂದೇ ಇಟ್ಕೊಂಡೀನಿ,’ ಅಂದ. ‘ಇನ್ನೂ ಆರು ಉಳ್ದಾವೆ.’