ಮಾನಸೋಲ್ಲಾಸದ ಮತ್ಸ್ಯವಿನೋದ: ಒಂದು ವಿಮರ್ಶೆ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಸಂಸ್ಕೃತ ಗ್ರಂಥವಾದರೂ ಅದು ಹುಟ್ಟಿದ ನೆಲ ಕನ್ನಡನಾಡು. ಈ ಅರಸನ ತಂದೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ದೇವಾಲಯವು ಇಟಗಿಯಲ್ಲಿದೆ. ಆ ಊರು ಹಿಂದೆ ಯಲಬುರ್ಗಾ ತಾಲ್ಲೂಕಿನದು, ಈಗ ಕುಕನೂರಿನದು. ಆದುದರಿಂದ ಕೊಪ್ಪಳ ಸೀಮೆಯ ಓದುಗರಿಗೆ ಈ ಗ್ರಂಥವು ಪರಕೀಯವಲ್ಲ.

ಗ್ರಂಥದ ನಾಲ್ಕನೆಯ ವಿಂಶತಿಯಲ್ಲಿ ಬರುವ ಮತ್ಸ್ಯವಿನೋದವು ಸುಮಾರು 35 ಬಗೆಯ ಮೀನುಗಳನ್ನು ಹೇಳುತ್ತದೆ. ಕಡಲಿನವು, ನದಿಯವು, ಹುರುಪೆಯುಳ್ಳ ಶಲ್ಕಜ, ಹುರುಪೆಯಿಲ್ಲದ ಚರ್ಮಜ, ಗಾತ್ರದಲ್ಲಿ ಹಿರಿದು, ನಡುವಣದು, ಕಿರಿದು ಎಂಬ ವಿಭಾಗವು ಕವಿಸಮಯವಲ್ಲ, ಕಣ್ಣಾರೆ ಕಂಡ ಜ್ಞಾನ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿಯೇ ಇದರ ಮಹತ್ತ್ವವನ್ನು ವಿದ್ವಾಂಸರ ಗಮನಕ್ಕೆ ತಂದರು.

ಆದರೆ ಈ ಅಧ್ಯಾಯದ ನಾಯಕನು ಅರಸನು. ಮೀನು ಅವನ ಗಾಳಕ್ಕೆ ವಿಷಯವಾದುದು. ಯಾವ ಮೀನು ಯಾವ ಆಹಾರಕ್ಕೆ ಒಲಿಯುತ್ತದೆಂಬುದು ಅರಮನೆಯಲ್ಲಿ ಕುಳಿತವರಿಗೆ ತಾನಾಗಿ ತಿಳಿಯುವಂತಹುದಲ್ಲ. ಅದು ತಲೆಮಾರುಗಳಿಂದ ಹೊಳೆಯಲ್ಲಿಯೇ ಬಾಳಿದ ಬೆಸ್ತರ, ಅಂಬಿಗರ ಅರಿವೆಂದು ಊಹಿಸುವುದು ಅಸಂಗತವಲ್ಲ. ಅರಿವು ಅವರದು, ಕರ್ತೃತ್ವ ಅರಸನದು: ಗ್ರಂಥದ ಮುಖ್ಯ ದೋಷ ಇಲ್ಲಿದೆ.

ಈ ದೋಷವು ಹಳೆಯ ಕಾಲದೊಡನೆ ಮುಗಿದಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡಾಗ ಗಂಗಾವತಿಯ ಬಯಲು ಹಸುರಾಯಿತು. ಮೊಟ್ಟೆಯಿಡಲು ಪ್ರವಾಹಕ್ಕೆದುರಾಗಿ ಏರುವ ಮೀನಿನ ದಾರಿ ಮುಚ್ಚಿತು. ಕೃಷ್ಣಾ ನದೀವ್ಯೂಹದ ಚರ್ಮಜ ಮೀನಾದ ಸಿಲೋನಿಯಾ ಚಿಲ್ಡ್ರೆನಿ ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ. 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರಕಾರವು ಘೋಷಿಸಿದುದು ಸ್ತುತ್ಯವಾದ ಕಾರ್ಯ. ನೀರುನಾಯಿಗೆ ಮೀನೇ ಆಹಾರ. ಆದುದರಿಂದ ಮೀನಿನ ರಕ್ಷಣೆಯಿಲ್ಲದೆ ಈ ಘೋಷಣೆ ಸಾರ್ಥಕವಾಗದು. ಇಂತಹ ಪ್ರದೇಶಗಳಿಗೆ ಆಧಾರವಾದ 2002ರ ಕಾನೂನು ತಿದ್ದುಪಡಿಯು ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ, ಸ್ವಯಂಸೇವಾ ಸಂಸ್ಥೆ, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಗಳಿಗೆ ಸ್ಥಾನವನ್ನು ಕೊಟ್ಟಿತು, ಬೆಸ್ತರನ್ನು ಹೆಸರಿಸಲಿಲ್ಲ. ಮತ್ಸ್ಯವಿನೋದದ ಮೌನವೇ ಇಲ್ಲಿ ಮರುದನಿಗೊಂಡಿದೆ.

ಇದಕ್ಕೆ ಪ್ರತಿಯಾಗಿ ಶೃಂಗೇರಿಯ ನಿದರ್ಶನವನ್ನು ಕೊಡಬಹುದು. ಅಲ್ಲಿ ತುಂಗೆಯ ಮಡುವಿನ ಮೀನುಗಳನ್ನು ಕಾಯುತ್ತಿರುವುದು ಜನರ ಶ್ರದ್ಧೆ. ಆದರೆ ಮೀನಿಗೆ ಅಕ್ಕಿ ಹಾಕುವ ಯಾತ್ರಿಕನು ಸಂಯಮದಿಂದ ಏನನ್ನೂ ಕಳೆದುಕೊಳ್ಳುವುದಿಲ್ಲ. ಆನೆಗುಂದಿಯ ಹರಿಗೋಲಿನವನು ಬಲೆ ಬೀಸದೆ ಉಳಿದರೆ ಆ ದಿನದ ಗಂಜಿಯನ್ನೇ ಕಳೆದುಕೊಳ್ಳುತ್ತಾನೆ. ಆದುದರಿಂದ ಶ್ರದ್ಧೆಯೊಂದೇ ಇಲ್ಲಿ ಸಾಲದು. ಮೀನು ಮೊಟ್ಟೆಯಿಡುವ ಕಾಲದಲ್ಲಿ ಅವನಿಗೆ ಜೀವನಾಧಾರ, ಯಾವ ಮಡುವನ್ನು ಎಂದು ಬಿಡಬೇಕೆಂಬ ನಿರ್ಣಯದಲ್ಲಿ ಅವನಿಗೆ ಮಾತು, ಇವೆರಡೂ ಬೇಕು.

ಭಾಷಾವಿದ್ಯಾರ್ಥಿಗಳಿಗೂ ಇಲ್ಲಿ ಕರ್ತವ್ಯವಿದೆ. ಸೋಮೇಶ್ವರನು ಹೇಳಿದ ಹಲವು ಹೆಸರುಗಳು ಯಾವ ಮೀನಿಗೆ ಸಲ್ಲುತ್ತವೆಂಬುದನ್ನು ನಿರ್ಧರಿಸಲು ಇಂದು ಊಹೆಯ ನೆರವು ಬೇಕಾಗಿದೆ. ಆನೆಗುಂದಿಯಿಂದ ಕಂಪ್ಲಿಯವರೆಗಿನ ಹೊಳೆಸಾಲಿನ ಹೆಸರುಗಳಿಗೂ ಅದೇ ಗತಿ ಒದಗಬಾರದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಾಲೇಜುಗಳ ವಿದ್ಯಾರ್ಥಿಗಳು ಬೆಸ್ತರ ಬಾಯಿಂದಲೇ ಮೀನಿನ ಹೆಸರು, ಮಡು, ಋತುಗಳನ್ನು ಸಂಗ್ರಹಿಸಿ, ಹೇಳಿದವರ ಒಪ್ಪಿಗೆ ಪಡೆದು, ಅವರ ಹೆಸರಿನೊಡನೆಯೇ ಪ್ರಕಟಿಸಿದರೆ, ಮತ್ಸ್ಯವಿನೋದವು ಮಾಡದೆ ಬಿಟ್ಟ ಕಾರ್ಯವು ನೆರವೇರಿದಂತಾಗುತ್ತದೆ.