ಹಲ್ಲಿನಿಂದ ವಯಸ್ಸು: ಸೂತ್ರದ ಕೊನೆಯ ± ಚಿಹ್ನೆಯನ್ನು ಎಷ್ಟು ನಂಬಬೇಕು?

ಭೀಮಾ ತೀರದ ಇಂಡಿ ತಾಲ್ಲೂಕಿನ ಹೊಲವೊಂದರಲ್ಲಿ ಗುರುತು ಸಿಗದ ಅಸ್ಥಿಪಂಜರ ದೊರೆಯಿತೆಂದು ಊಹಿಸಿಕೊಳ್ಳಿ. ಸತ್ತಾಗ ಆ ವ್ಯಕ್ತಿಯ ವಯಸ್ಸೆಷ್ಟು? ಕಾಣೆಯಾದವರ ಪಟ್ಟಿಯಲ್ಲಿ ಯಾರನ್ನು ಹುಡುಕಬೇಕೆಂಬುದು ಈ ಉತ್ತರವನ್ನು ಅವಲಂಬಿಸಿದೆ. ಮಕ್ಕಳಾದರೆ ಹಲ್ಲು ಬೆಳೆದ ಹಂತವೇ ವಯಸ್ಸನ್ನು ಹೇಳುತ್ತದೆ. ವಯಸ್ಕರಲ್ಲಿ ಆ ಬೆಳವಣಿಗೆ ಮುಗಿದಿರುವುದರಿಂದ ಹಲ್ಲು ಹಳತಾದ ಗುರುತುಗಳನ್ನೇ ನೋಡಬೇಕು.

ಸ್ವೀಡನ್ನಿನ ಗುಸ್ತಾಫ್ಸನ್ 1950ರಲ್ಲಿ ಇಂಥ ಆರು ಗುರುತುಗಳನ್ನು ಆರಿಸಿದರು: ಹಲ್ಲಿನ ಸವೆತ, ವಸಡಿನ ಹಿಂಜರಿತ, ಒಳಗೆ ಹೊಸದಾಗಿ ಕೂಡುವ ಡೆಂಟಿನ್, ಬೇರಿನ ಮೇಲೆ ಬೆಳೆಯುವ ಸಿಮೆಂಟಮ್, ಬೇರಿನ ಕರಗುವಿಕೆ ಮತ್ತು ಬೇರಿನ ಪಾರದರ್ಶಕತೆ. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಒಟ್ಟು ಅಂಕ x ಆದರೆ ವಯಸ್ಸು = 11.43 + 4.56x, ದೋಷ ±3.6 ವರ್ಷ. ಇದಕ್ಕೆ ಆಧಾರ ಸುಮಾರು 40 ಹಲ್ಲುಗಳು ಮಾತ್ರ.

1979ರಲ್ಲಿ ಮೇಪಲ್ಸ್ ಮತ್ತು ರೈಸ್ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದಾಗ ತಪ್ಪುಗಳು ಕಂಡವು. ಸರಿಪಡಿಸಿದ ಸೂತ್ರ 13.45 + 4.26x, ದೋಷ ±7 ವರ್ಷ. ನೀವೇ x = 8 ಎಂದು ಹಾಕಿ ನೋಡಿ. ಹಳೆಯ ಸೂತ್ರ 47.9 ಎನ್ನುತ್ತದೆ, ಹೊಸದು 47.5. ಉತ್ತರ ಹೆಚ್ಚು ಬದಲಾಗಲಿಲ್ಲ, ಅನಿಶ್ಚಿತತೆ ಮಾತ್ರ ಇಮ್ಮಡಿಯಾಯಿತು. ±3.6ನ್ನು ನಂಬಿದ ತನಿಖಾಧಿಕಾರಿ 44ರಿಂದ 52ರವರೆಗಿನವರನ್ನಷ್ಟೇ ಹುಡುಕುತ್ತಾರೆ. ಸತ್ತವರಿಗೆ 54 ಆಗಿದ್ದರೆ ಅವರ ಹೆಸರು ಪಟ್ಟಿಯಿಂದಲೇ ಬಿಟ್ಟುಹೋಗುತ್ತದೆ; ಮನೆಯವರು ಕಾಯುತ್ತಲೇ ಇರುತ್ತಾರೆ. ±7 ಕೂಡ ಗಡಿಗೋಡೆಯಲ್ಲ. ಮೂವರಲ್ಲಿ ಒಬ್ಬರು ಅದರ ಹೊರಗೂ ಇರಬಹುದು.

ನನ್ನ ಎರಡನೆಯ ಆಕ್ಷೇಪ, ಆರೂ ಗುರುತುಗಳಿಗೆ ಸಮಾನ ತೂಕ ಕೊಟ್ಟಿರುವುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಊಟ ಜೋಳದ ರೊಟ್ಟಿ. ಬೀಸುಕಲ್ಲಿನ ಹಿಟ್ಟಿನೊಡನೆ ಕಲ್ಲಿನ ಪುಡಿಯೂ ಬಾಯಿಗೆ ಹೋಗಿ ಹಲ್ಲು ಬೇಗ ಸವೆಯುತ್ತದೆ. ತಂಬಾಕು ಅಗಿಯುವವರ ವಸಡು ಬೇಗ ಹಿಂಜರಿಯುತ್ತದೆ. ಈ ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕ, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಮಾನಕ. ಬಾಲ್ಯದಲ್ಲಿ ಅಂಥ ನೀರು ಕುಡಿದವರಿಗೆ ತೀವ್ರ ಫ್ಲೋರೋಸಿಸ್ ಆದರೆ ಎನಾಮೆಲ್ ಕುಳಿಬಿದ್ದು ಚಕ್ಕೆಯೇಳುತ್ತದೆ. ಇವು ನೀರು ಮತ್ತು ಅಭ್ಯಾಸದ ಗುರುತುಗಳು. ಸೂತ್ರ ಇವನ್ನೂ ವರ್ಷಗಳೆಂದೇ ಎಣಿಸುತ್ತದೆ.

ಪಾರದರ್ಶಕತೆಯ ವಿಷಯ ಬೇರೆ. ಡೆಂಟಿನ್ನಿನ ಸೂಕ್ಷ್ಮ ನಳಿಕೆಗಳಲ್ಲಿ ವಯಸ್ಸಾದಂತೆ ಖನಿಜ ತುಂಬುತ್ತದೆ. ನಳಿಕೆ ಮತ್ತು ಅದರ ಸುತ್ತಲಿನ ಭಾಗದ ವಕ್ರೀಭವನಾಂಕಗಳು ಹತ್ತಿರವಾಗಿ ಬೆಳಕು ಚದುರುವುದು ಕಡಿಮೆಯಾಗುತ್ತದೆ. ಇದು ಬೇರಿನೊಳಗಿನ ಬದಲಾವಣೆಯಾದ್ದರಿಂದ ರೊಟ್ಟಿಯ ಪ್ರಭಾವ ಕಡಿಮೆ. 1970ರಲ್ಲಿ ಬಾಂಗ್ ಮತ್ತು ರಾಮ್ ಇದೊಂದನ್ನೇ ಅಳೆದು ಸೂತ್ರ ಕೊಟ್ಟರು. ಧಾರವಾಡದ ಎಸ್‌ಡಿಎಂ ದಂತವೈದ್ಯ ಕಾಲೇಜಿನ ಆಶಿತ್ ಆಚಾರ್ಯ ಮತ್ತು ವಿಮಿ 2009ರಲ್ಲಿ ಅದನ್ನು ಭಾರತೀಯರ ಹಲ್ಲುಗಳ ಮೇಲೆ ಪರೀಕ್ಷಿಸಿ, ನಮ್ಮವರಿಗೆಂದೇ ಸೂತ್ರ ರೂಪಿಸಿದರು. ಸರಿಯಾದ ದಾರಿ ಇದು.

ಗುಸ್ತಾಫ್ಸನ್ ಅವರ ಹಿರಿಮೆ ಇದರಿಂದ ಕುಗ್ಗುವುದಿಲ್ಲ. ಹಲ್ಲಿನ ಗುರುತುಗಳನ್ನು ಅಂಕಿಗಳಾಗಿಸಿ ದಾರಿ ತೋರಿದವರು ಅವರು. ಆದರೆ ತರಗತಿಯಲ್ಲಿ ಈ ಸೂತ್ರವನ್ನು ಬರೆಯುವಾಗ ಮೂರು ಪ್ರಶ್ನೆಗಳನ್ನೂ ಬರೆಯಿರಿ: ಎಷ್ಟು ಹಲ್ಲು? ಯಾರ ಹಲ್ಲು? ದೋಷವನ್ನು ಮರುಪರೀಕ್ಷಿಸಿದವರು ಯಾರು?